ನಕಾಶೆಯಲ್ಲಿ ಸಪ್ಲೈ ಹಡಗು ನಾಪತ್ತೆಯೇ? ಟ್ರ್ಯಾಕಿಂಗ್ ಮತ್ತು ಹಡಗಿನ ವಿವರಗಳ ದೋಷ ನಿವಾರಣೆ ಕೈಪಿಡಿ

ನಡುಗಡಲಿನ ತೈಲ ರಿಗ್‌ಗೆ ಸಿಮೆಂಟು, ಪೈಪು, ಡೀಸೆಲ್, ಕುಡಿಯುವ ನೀರು ಹೊತ್ತು ಹೊರಟ ಹಡಗು ನಿನ್ನೆ ರಾತ್ರಿ ಹತ್ತು ಗಂಟೆಗೆ ಎಲ್ಲಿತ್ತೋ ಇಂದು ಬೆಳಿಗ್ಗೆಯೂ ನಕಾಶೆಯಲ್ಲಿ ಅಲ್ಲೇ ಇದೆ. ಎಂಜಿನ್ ಕೈಕೊಟ್ಟಿತೇ? ಅಲೆ ಇಳಿಯಲೆಂದು ಕಾಯುತ್ತಿದೆಯೇ? ಅಥವಾ ಪರದೆಯೇ ಸುಳ್ಳು ಹೇಳುತ್ತಿದೆಯೇ? ದಡದಲ್ಲಿ ಕುಳಿತು ಹಡಗಿನ ದಾರಿ ಕಾಯುವ ಕೆಲಸದಲ್ಲಿ ನಾನು ಮೊದಲು ಅನುಮಾನಿಸುವುದು ಮೂರನೆಯದನ್ನು. ಹಡಗು ಕೆಟ್ಟದ್ದಕ್ಕಿಂತ ಅದರ ಸುದ್ದಿ ದಾರಿಯಲ್ಲಿ ಕೆಟ್ಟದ್ದೇ ಹೆಚ್ಚು.

ನಕಾಶೆಯಲ್ಲಿ ಕಾಣುವ ಬಾಣದ ಗುರುತು ಹಡಗಲ್ಲ. ಅದು ಹಡಗು ಕಳುಹಿಸಿದ, ಯಾರೋ ಕೇಳಿಸಿಕೊಂಡ ಕೊನೆಯ ಮಾತು. ಹಡಗಿನ ಎಐಎಸ್ (ಸ್ವಯಂಚಾಲಿತ ಗುರುತು ವ್ಯವಸ್ಥೆ) ಯಂತ್ರ 161.975 ಮತ್ತು 162.025 ಮೆಗಾಹರ್ಟ್ಜ್ ಎಂಬ ಎರಡು ವಿಎಚ್‌ಎಫ್ ರೇಡಿಯೋ ಅಲೆಗಳಲ್ಲಿ ತನ್ನ ಗುರುತು, ಸ್ಥಾನ, ವೇಗಗಳನ್ನು ಸಾರುತ್ತಲೇ ಇರುತ್ತದೆ. ದಡದ ಆಂಟೆನಾವೋ ಮೇಲೆ ಹಾದುಹೋಗುವ ಉಪಗ್ರಹವೋ ಅದನ್ನು ಕೇಳಿದರೆ ನಮಗೆ ಸುದ್ದಿ, ಕೇಳದಿದ್ದರೆ ಮೌನ.

ಆ ಸುದ್ದಿಯಲ್ಲಿ ಮೂರು ಕೈಗಳ ಬರಹವಿದೆ. ಸ್ಥಾನ, ವೇಗ, ದಿಕ್ಕುಗಳನ್ನು ಜಿಪಿಎಸ್ ಮತ್ತು ಗೈರೋ ದಿಕ್ಸೂಚಿ ತಾವಾಗಿಯೇ ತುಂಬುತ್ತವೆ. ಗುರುತಿನ ಸಂಖ್ಯೆ, ಉದ್ದ, ಅಗಲಗಳನ್ನು ಯಂತ್ರ ಕೂರಿಸಿದ ದಿನ ತಂತ್ರಜ್ಞ ಬರೆದಿರುತ್ತಾನೆ. ತಲುಪುವ ಸ್ಥಳ, ಸದ್ಯದ ಸ್ಥಿತಿ, ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ) ಇವನ್ನು ಕಾವಲಿನಲ್ಲಿರುವ ಅಧಿಕಾರಿ ಪ್ರತಿ ಯಾನಕ್ಕೂ ಕೈಯಿಂದ ಬದಲಿಸಬೇಕು. ಯಾವ ಅಂಕಿ ತಪ್ಪಾಗಿ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಬರೆದ ಕೈ ಯಾವುದು ಎಂಬುದು. ಮುಂದಿನ ಪರೀಕ್ಷೆಗಳೆಲ್ಲ ಅದರ ಸುತ್ತಲೇ ಇವೆ.

ಮೊದಲೇ ಒಂದು ಎಚ್ಚರಿಕೆ: ಸಾರ್ವಜನಿಕ ಟ್ರ್ಯಾಕಿಂಗ್ ನಕಾಶೆಯನ್ನು ದೋಣಿ ನಡೆಸಲು, ರಿಗ್‌ನ ಹತ್ತಿರ ಹೋಗಲು, ಎದುರಿನ ಹಡಗನ್ನು ತಪ್ಪಿಸಲು ಬಳಸಬೇಡಿ. ಅಲ್ಲಿ ಕಾಣುವ ಸ್ಥಾನ ನಿಮಿಷಗಳಷ್ಟೋ ಗಂಟೆಗಳಷ್ಟೋ ಹಳೆಯದಿರಬಹುದು.

## ಲಕ್ಷಣ: ಹೆಸರು ಹುಡುಕಿದರೆ ಹಡಗೇ ಸಿಗುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು: ನಕಾಶೆಯ ಫಿಲ್ಟರ್ ತೆಗೆಯಿರಿ. ಎಐಎಸ್‌ನ ಹಡಗು ಪ್ರಕಾರಗಳ ಪಟ್ಟಿಯಲ್ಲಿ ಆಫ್‌ಶೋರ್ ಸಪ್ಲೈ ಹಡಗಿಗೆಂದೇ ಒಂದು ಸಂಕೇತವಿಲ್ಲ. ಹಾಗಾಗಿ ಒಂದು ಹಡಗು 70ರ ಸರಣಿಯ ಸರಕು ಹಡಗಾಗಿ ಕಾಣಿಸಿಕೊಂಡರೆ, ಇನ್ನೊಂದು 52 ಎಂಬ ಟಗ್ ಆಗಿ, ಮತ್ತೊಂದು 90ರ ಸರಣಿಯ ‘ಇತರೆ’ಯಾಗಿ ಕಾಣುತ್ತದೆ. ಸರಕು ಹಡಗುಗಳನ್ನಷ್ಟೇ ತೋರಿಸು ಎಂದು ನಕಾಶೆಗೆ ಹೇಳಿದ್ದರೆ ನಿಮ್ಮ ಹಡಗು ಕಣ್ಣೆದುರೇ ಮಾಯವಾಗಿರಬಹುದು.

ಫಿಲ್ಟರ್ ತೆಗೆದರೂ ಸಿಗದಿದ್ದರೆ ಹೆಸರನ್ನು ಕೈಬಿಡಿ. ಈ ಹಡಗುಗಳು ಮಾಲೀಕರು ಬದಲಾದಂತೆ ಹೆಸರು ಬದಲಿಸುತ್ತವೆ. ಒಂದೇ ಕಂಪನಿಯ ಹಡಗುಗಳಿಗೆ ಮೊದಲ ಪದ ಒಂದೇ ಇದ್ದು ಬಾಲ ಮಾತ್ರ ಬೇರೆ ಇರುವುದೂ ಸಾಮಾನ್ಯ. ಎಐಎಸ್ ಹೆಸರಿಗೆ ಕೊಟ್ಟಿರುವುದು 20 ಅಕ್ಷರಗಳ ಜಾಗ. ಉದ್ದ ಹೆಸರಾದರೆ ಆ ಬಾಲವೇ ಕತ್ತರಿಸಿ ಹೋಗುತ್ತದೆ. ನಾನೊಮ್ಮೆ ಎರಡು ದಿನ ಭಕ್ತಿಯಿಂದ ಹಿಂಬಾಲಿಸಿದ್ದು ನಮ್ಮ ಹಡಗನ್ನಲ್ಲ, ಅದೇ ಹೆಸರಿನ ಮೀನುಗಾರಿಕೆ ದೋಣಿಯನ್ನು. ಸಪ್ಲೈ ಹಡಗು ಇಷ್ಟು ಸುತ್ತು ಹಾಕುವುದೇಕೆ ಎಂದು ಅಚ್ಚರಿಪಟ್ಟದ್ದೂ ಉಂಟು.

ನಂಬಬಹುದಾದ ಗುರುತು ಐಎಂಒ (ಅಂತರರಾಷ್ಟ್ರೀಯ ಕಡಲು ಸಂಸ್ಥೆ) ಸಂಖ್ಯೆ. ಏಳು ಅಂಕಿಗಳ ಇದು 1996ರ ಜನವರಿ 1ರಿಂದ ಕಡ್ಡಾಯ. ಹೆಸರು, ಧ್ವಜ, ಮಾಲೀಕ ಯಾವುದು ಬದಲಾದರೂ ಒಡಲಿನ ಜೊತೆ ಕೊನೆಯವರೆಗೂ ಉಳಿಯುತ್ತದೆ. ನಿಮ್ಮ ಕೈಯಲ್ಲಿರುವ ಸಂಖ್ಯೆ ಸರಿಯೇ ಎಂಬುದನ್ನು ಕಾಗದದ ಮೇಲೇ ನೋಡಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿಯಾಗಿರಬೇಕು. 9074729 ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ 63, 0, 35, 16, 21, 4, ಒಟ್ಟು 139, ಕೊನೆಯಲ್ಲಿ 9, ಸರಿ. ಯಾರೋ ಅವಸರದಲ್ಲಿ 9047729 ಎಂದು ಬರೆದಿದ್ದರೆ ಮೊತ್ತ 136 ಬರುತ್ತದೆ. ಕೊನೆಯಲ್ಲಿ 6, ತಪ್ಪು. ಚಾರ್ಟರ್ (ಬಾಡಿಗೆ) ಪತ್ರದಲ್ಲಿ ಎರಡು ಅಂಕಿ ಅದಲುಬದಲಾದದ್ದು ಈ ಲೆಕ್ಕದಲ್ಲಿ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಒಂಬತ್ತು ಅಂಕಿಗಳ ಎಂಎಂಎಸ್‌ಐ ಸಂಖ್ಯೆ ಹಾಗಲ್ಲ. ಅದು ರೇಡಿಯೋದ ಗುರುತು, ಅದರ ಮೊದಲ ಮೂರು ಅಂಕಿಗಳು ಧ್ವಜದ ದೇಶದವು. 257ರಿಂದ 259 ನಾರ್ವೆ, 538 ಮಾರ್ಷಲ್ ದ್ವೀಪಗಳು, 563ರಿಂದ 566 ಸಿಂಗಪುರ. ಧ್ವಜ ಬದಲಾದರೆ ಇದೂ ಬದಲಾಗುತ್ತದೆ. ಹಳೆಯ ಎಂಎಂಎಸ್‌ಐ ಇಟ್ಟುಕೊಂಡು ಹುಡುಕುವವರಿಗೆ ಹಡಗು ಧ್ವಜ ಬದಲಿಸಿದ ದಿನವೇ ಸತ್ತುಹೋದಂತೆ ಕಾಣುತ್ತದೆ. ಐಎಂಒ ಸಂಖ್ಯೆಯಿಂದ ಹುಡುಕಿದರೆ ಹೊಸ ಹೆಸರಿನೊಂದಿಗೆ ಮತ್ತೆ ಸಿಗುತ್ತದೆ.

ಇಷ್ಟಾದರೂ ಸಿಗದಿದ್ದರೆ ಹಡಗು ಎಐಎಸ್ ಕಡ್ಡಾಯವಿಲ್ಲದಷ್ಟು ಚಿಕ್ಕದಿರಬಹುದು. ಅಂತರರಾಷ್ಟ್ರೀಯ ಯಾನದಲ್ಲಿ 300 ಗ್ರಾಸ್ ಟನೇಜ್‌ನಿಂದ (ಹಡಗಿನ ಒಳಗಾತ್ರ ಸೂಚಿಸುವ ಸಂಖ್ಯೆ) ಮೇಲೆ, ಒಂದೇ ದೇಶದ ನೀರಿನಲ್ಲಿ ಓಡುವ ಸರಕು ಹಡಗಾದರೆ 500ರಿಂದ ಮೇಲೆ ಎಂಬುದು ಕಡಲಿನಲ್ಲಿ ಜೀವ ಸುರಕ್ಷತೆಯ ಸೋಲಾಸ್ ಒಪ್ಪಂದದ ನಿಯಮ. ಸಿಬ್ಬಂದಿಯನ್ನು ರಿಗ್‌ಗೆ ಒಯ್ಯುವ ಸಣ್ಣ ದೋಣಿಗಳ ವಿಷಯದಲ್ಲಿ ಇದನ್ನು ನೆನಪಿಡಿ.

## ಲಕ್ಷಣ: ಹಡಗು ಸಿಕ್ಕಿತು, ಆದರೆ ಗಂಟೆಗಟ್ಟಲೆ ಅಲುಗಿಲ್ಲ

ಗುರುತಿನ ಮೇಲೆ ಒತ್ತಿ ಕೊನೆಯ ಸಂದೇಶದ ಸಮಯ ನೋಡಿ. ಅದು ಯುಟಿಸಿಯೋ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಸ್ಥಳೀಯ ಸಮಯವೋ ಎಂಬುದನ್ನೂ ನೋಡಿ. ‘ಆರು ಗಂಟೆಯಿಂದ ಸುದ್ದಿಯಿಲ್ಲ’ ಎಂಬ ಗಾಬರಿಯ ಫೋನು ಎಷ್ಟೋ ಸಲ ಕೇವಲ ಸಮಯ ವಲಯದ ಅಂತರವಾಗಿರುತ್ತದೆ.

ಸಮಯ ನಿಜಕ್ಕೂ ಹಳೆಯದಾಗಿದ್ದರೆ ಹಡಗು ನಿಂತಿಲ್ಲ, ಸುದ್ದಿ ನಿಂತಿದೆ. ಹತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದ ಹಡಗು ಪ್ರತಿ 10 ಸೆಕೆಂಡಿಗೊಮ್ಮೆ ತನ್ನ ಸ್ಥಾನ ಸಾರುತ್ತದೆ. ಲಂಗರು ಹಾಕಿ ನಿಂತದ್ದು ಪ್ರತಿ 3 ನಿಮಿಷಕ್ಕೊಮ್ಮೆ. ಆದರೆ ವಿಎಚ್‌ಎಫ್ ಅಲೆ ಭೂಮಿಯ ಬಾಗನ್ನು ಹೆಚ್ಚು ದೂರ ಹತ್ತುವುದಿಲ್ಲ. ದಡದ ಸಾಮಾನ್ಯ ಆಂಟೆನಾಗೆ 20ರಿಂದ 40 ನಾಟಿಕಲ್ ಮೈಲಿಯ ಆಚೆ ಹೋದ ಹಡಗು ಕೇಳಿಸದು. ರಿಗ್‌ಗಳು ಇರುವುದು ಹೆಚ್ಚಾಗಿ ಅದರಾಚೆ.

ಈಗ ಮಾಡಬೇಕಾದ ಪರೀಕ್ಷೆ, ನನ್ನ ಲೆಕ್ಕದಲ್ಲಿ ಇಡೀ ಕೈಪಿಡಿಯಲ್ಲೇ ಬೆಲೆಬಾಳುವಂಥದ್ದು: ಅಕ್ಕಪಕ್ಕದ ಹಡಗುಗಳನ್ನು ನೋಡಿ. ಅದೇ ನೀರಿನಲ್ಲಿರುವ ಬೇರೆ ನಾಲ್ಕಾರು ಹಡಗುಗಳ ಸಮಯವೂ ಹಳೆಯದಾಗಿದ್ದರೆ ದಡದ ಕೇಂದ್ರ ಮಲಗಿದೆ, ಅಥವಾ ಅಲ್ಲಿ ಕೇಂದ್ರವೇ ಇಲ್ಲ. ಅವುಗಳ ಸಮಯ ತಾಜಾ ಇದ್ದು ನಿಮ್ಮದೊಂದೇ ಹಳೆಯದಾಗಿದ್ದರೆ ಅನುಮಾನ ಹಡಗಿನ ಯಂತ್ರದ ಕಡೆಗೆ ತಿರುಗಬೇಕು. ಹಳೆಯ ಜಾಡನ್ನೂ ತೆರೆದು ನೋಡಿ. ಕಳೆದ ಯಾನಗಳಲ್ಲೂ ಅದೇ ಗೆರೆಯ ಬಳಿ ಸುದ್ದಿ ನಿಂತು, ವಾಪಸು ಬರುವಾಗ ಅಲ್ಲೇ ಶುರುವಾಗಿದ್ದರೆ ಅದು ಕೇಂದ್ರದ ಕೇಳುವ ಗಡಿ, ದೋಷವೇ ಅಲ್ಲ.

ಉಪಗ್ರಹದಿಂದ ಬಂದ ಸ್ಥಾನವಾದರೆ ಲೆಕ್ಕ ಬೇರೆ. ಉಪಗ್ರಹ ಹಾದುಹೋದಾಗ ಮಾತ್ರ ಸುದ್ದಿ, ನಡುವೆ ಬಿಡುವು. ಜೊತೆಗೆ ಎಐಎಸ್‌ನ ಪ್ರತಿ ಅಲೆಯಲ್ಲಿ ನಿಮಿಷಕ್ಕೆ 2,250 ಸಂದೇಶಗಳ ಜಾಗವಷ್ಟೇ ಇದೆ. ಪರಸ್ಪರ ಕೇಳಿಸಿಕೊಳ್ಳುವ ಹಡಗುಗಳು ಸರದಿ ಹಂಚಿಕೊಳ್ಳುತ್ತವೆ. ಮೇಲಿನಿಂದ ಸಾವಿರಾರು ಕಿಲೋಮೀಟರ್ ವಿಸ್ತಾರವನ್ನು ಒಟ್ಟಿಗೆ ಕೇಳುವ ಉಪಗ್ರಹಕ್ಕೆ ಒಬ್ಬರನ್ನೊಬ್ಬರು ಅರಿಯದ ಹಡಗುಗಳ ಮಾತು ಒಂದರ ಮೇಲೊಂದು ಬೀಳುತ್ತದೆ, ಸಂತೆಯ ಗದ್ದಲದಂತೆ. ದಟ್ಟಣೆಯ ನೀರಿನಲ್ಲಿ ಒಂದು ಹಡಗಿನ ಮಾತು ಕೆಲವು ಸರದಿ ತಪ್ಪಿಹೋದರೆ ಅಚ್ಚರಿಯಿಲ್ಲ. ಹಿಂದಿನ ದಿನಗಳಲ್ಲಿ ಎಷ್ಟೆಷ್ಟು ಹೊತ್ತಿನ ಬಿಡುವು ಇತ್ತೆಂದು ನೋಡಿ, ಅದಕ್ಕೆ ಹೋಲಿಸಿ.

ಸಮಯ ತಾಜಾ ಇದೆ, ವೇಗ 0.1 ಅಥವಾ 0.2 ನಾಟ್ ಎನ್ನುತ್ತಿದೆ, ಪಕ್ಕದಲ್ಲೇ ಪ್ಲಾಟ್‌ಫಾರ್ಮ್ ಇದೆ ಎಂದಾದರೆ ಹಡಗು ಕೆಟ್ಟಿಲ್ಲ, ಕೆಲಸದಲ್ಲಿದೆ. ಹತ್ತಿರದಿಂದ ನೋಡಿದರೆ ಗುರುತು ಸಿಗುತ್ತದೆ. ಗೈರೋ ತೋರಿಸುವ ಮುಖದ ದಿಕ್ಕು 214, 214, 215, 214 ಎಂದು ಗೋಡೆಗೆ ಹೊಡೆದ ಮೊಳೆಯಂತೆ ಇರುತ್ತದೆ. ಚಲನೆಯ ದಿಕ್ಕು ಮಾತ್ರ 30, 288, 151 ಎಂದು ಹುಚ್ಚೆದ್ದು ತಿರುಗುತ್ತದೆ. ಗಾಬರಿ ಬೇಡ. ಹಡಗು ಡೈನಮಿಕ್ ಪೊಸಿಷನಿಂಗ್‌ನಲ್ಲಿದೆ, ಅಂದರೆ ಕಂಪ್ಯೂಟರ್ ಅದರ ತಳ್ಳುಯಂತ್ರಗಳನ್ನು ಕ್ಷಣಕ್ಷಣವೂ ತಿದ್ದುತ್ತ ಕ್ರೇನಿನ ಕೆಳಗೆ ಹಿಡಿದು ನಿಲ್ಲಿಸಿದೆ. ನಿಂತಲ್ಲೇ ನಿಂತ ಹಡಗಿಗೆ ಚಲನೆಯ ದಿಕ್ಕು ಎಂಬುದೇ ಇಲ್ಲ. ಜಿಪಿಎಸ್‌ನ ಒಂದೆರಡು ಮೀಟರ್ ನಡುಕವನ್ನೇ ಯಂತ್ರ ದಿಕ್ಕೆಂದು ಓದುತ್ತಿದೆ. ಇದಕ್ಕೆ ತದ್ವಿರುದ್ಧ, ಮುಖದ ದಿಕ್ಕೂ ನಿಧಾನವಾಗಿ ತಿರುಗುತ್ತ ಒಂದು ನಾಟ್‌ನಷ್ಟು ವೇಗದಲ್ಲಿ ಗಾಳಿಯ ಕಡೆಗೋ ನೀರಿನ ಸೆಳೆತದ ಕಡೆಗೋ ಹಡಗು ಜಾರುತ್ತಿದ್ದರೆ ಅದು ಬಿಟ್ಟು ತೇಲುತ್ತಿದೆ. ಇಂಧನ ಉಳಿಸಲು ಬೇಕೆಂದೇ ಹಾಗೆ ಮಾಡುವುದುಂಟು. ಆದರೆ ಅದು ಪ್ಲಾಟ್‌ಫಾರ್ಮ್‌ನ ಸುತ್ತಲಿನ 500 ಮೀಟರ್ ಸುರಕ್ಷತಾ ವಲಯದ ಕಡೆಗೆ ಜಾರುತ್ತಿದೆ ಎನಿಸಿದರೆ ಊಹೆ ಬಿಟ್ಟು ಹಡಗಿನ ಕಂಪನಿಯ ಕಾರ್ಯಾಚರಣೆ ಕಚೇರಿಗೆ ಫೋನು ಮಾಡಿ.

## ಲಕ್ಷಣ: ಹಡಗು ನೆಲದ ಮೇಲಿದೆ, ಅಥವಾ ಕಪ್ಪೆಯಂತೆ ಜಿಗಿಯುತ್ತಿದೆ

ಒಂದೇ ಒಂದು ಬಿಂದು ದೂರ ಹಾರಿ ಮರುಕ್ಷಣ ಸರಿಯಾದರೆ ಸಂದೇಶ ಹಾಳಾಗಿ ಬಂದಿದೆ, ಮರೆತುಬಿಡಿ.

ಹಡಗು ಅಕ್ಷಾಂಶ 0, ರೇಖಾಂಶ 0ರಲ್ಲಿ ಕಂಡರೆ ಆ ಸೊನ್ನೆಗಳು ಬಹುತೇಕ ಯಾವುದೋ ತಂತ್ರಾಂಶ ಖಾಲಿ ಜಾಗಕ್ಕೆ ತುಂಬಿದವು. ಇಲ್ಲಿ ಒಂದು ಕೊಕ್ಕೆ ಇದೆ. ಆ ಬಿಂದು ಇರುವುದು ಗಿನಿ ಕೊಲ್ಲಿಯಲ್ಲಿ, ಅಂದರೆ ಪಶ್ಚಿಮ ಆಫ್ರಿಕಾದ ತೈಲ ಹಡಗುಗಳು ನಿಜವಾಗಿಯೂ ಓಡಾಡುವ ಕಡಲಿನಲ್ಲಿ. ಹಾಗಾಗಿ ನೋಡಿದ ಕೂಡಲೇ ತಪ್ಪೆನಿಸುವುದಿಲ್ಲ. ಎಐಎಸ್ ಯಂತ್ರ ತನಗೆ ಸ್ಥಾನ ಗೊತ್ತಿಲ್ಲ ಎನ್ನಲು ಬಳಸುವುದು ಸೊನ್ನೆಯನ್ನಲ್ಲ. ಭೂಮಿಯ ಮೇಲೆ ಇರಲಾರದ ಅಕ್ಷಾಂಶ 91, ರೇಖಾಂಶ 181 ಎಂಬುದನ್ನು.

ಎರಡು ಜಾಗಗಳ ನಡುವೆ ಮತ್ತೆ ಮತ್ತೆ ಜಿಗಿಯುತ್ತಿದ್ದರೆ ಒಂದೇ ಎಂಎಂಎಸ್‌ಐ ಅನ್ನು ಎರಡು ಹಡಗುಗಳು ಬಳಸುತ್ತಿವೆ. ಜಾಡನ್ನು ತೆರೆದು ಎರಡೂ ಗುಂಪಿನ ಹೆಸರು, ಉದ್ದಗಳನ್ನು ಹೋಲಿಸಿ. ಮಾರಾಟವಾದ ಹಡಗಿನ ಹಳೆಯ ಸಂಖ್ಯೆ ಅಳಿಸದೆ ಉಳಿದದ್ದೋ ಒಂದು ಅಂಕಿಯ ಕೈತಪ್ಪೋ ಇದಕ್ಕೆ ಕಾರಣವಾಗಿರುತ್ತದೆ. ತಿದ್ದಬೇಕಾದವರು ಹಡಗಿನವರು, ನಕಾಶೆಯವರಲ್ಲ.

ಹಡಗೊಂದೇ ಅಲ್ಲ, ಆ ಸುತ್ತಿನ ಎಲ್ಲವೂ ಒಟ್ಟಿಗೆ ವಿಮಾನ ನಿಲ್ದಾಣಕ್ಕೆ ಹಾರಿದ್ದರೆ ಅಥವಾ ವೃತ್ತಾಕಾರವಾಗಿ ಸುತ್ತುತ್ತಿದ್ದರೆ ಯಾರೋ ಜಿಪಿಎಸ್ ಅಲೆಗಳನ್ನು ಕೆಡಿಸುತ್ತಿದ್ದಾರೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಬಳಿ ಇದ್ದ 20ರಷ್ಟು ಹಡಗುಗಳು ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿರುವಂತೆ ಕಂಡಿದ್ದವು. ಇಂಥಲ್ಲಿ ನೀವು ತಿದ್ದಬಹುದಾದದ್ದು ಏನೂ ಇಲ್ಲ. ಡೈನಮಿಕ್ ಪೊಸಿಷನಿಂಗ್ ಹಡಗಿಗಂತೂ ಇದು ನಕಾಶೆಯ ತಮಾಷೆಯಲ್ಲ, ಕೆಲಸವನ್ನೇ ನಿಲ್ಲಿಸಬೇಕಾದ ಸಂಗತಿ. ಲೇಸರ್, ರಾಡಾರ್ ಮುಂತಾದ ಬೇರೆ ಆಧಾರಗಳನ್ನು ಜೊತೆಗಿಡುವುದು ಅದಕ್ಕೇ. ಹಡಗಿನ ಮೇಲಿನವರಿಗೆ ಇದು ಗೊತ್ತಿದೆಯೇ ಎಂದು ಕಚೇರಿಯ ಮೂಲಕ ಕೇಳಿಸಿ.

## ಲಕ್ಷಣ: ವೇಗ 102.3 ನಾಟ್, ಮುಖದ ದಿಕ್ಕು 511

ಇದು ದಾಖಲೆಯ ಓಟವಲ್ಲ. 102.3 ಎಂದರೆ ‘ವೇಗ ಲಭ್ಯವಿಲ್ಲ’, 511 ಎಂದರೆ ‘ಮುಖದ ದಿಕ್ಕು ಲಭ್ಯವಿಲ್ಲ’, ಚಲನೆಯ ದಿಕ್ಕು 360 ಎಂದರೂ ಅದೇ ಅರ್ಥ. 511 ಒಂದೇ ಕಂಡರೆ ಗೈರೋದಿಂದ ಎಐಎಸ್‌ಗೆ ಬರುವ ತಂತಿ ಸಡಿಲವಾಗಿದೆ ಅಥವಾ ಗೈರೋ ಬಂದ್ ಇದೆ. ಮೂರೂ ಒಟ್ಟಿಗೆ, ಸ್ಥಾನವೂ 91 ಮತ್ತು 181 ಎಂದಾದರೆ ಜಿಪಿಎಸ್ ಕೂಡ ಹೋಗಿದೆ.

## ಲಕ್ಷಣ: ತಲುಪುವ ಸ್ಥಳ, ಸ್ಥಿತಿ, ಡ್ರಾಫ್ಟ್ ವಾಸ್ತವಕ್ಕೆ ಹೊಂದುತ್ತಿಲ್ಲ

ಮೂರನೆಯ ಕೈಯ ಬರಹ. ಸಪ್ಲೈ ಹಡಗು ವಾರಕ್ಕೆ ಹಲವು ಸಲ ಬಂದರಿಗೂ ರಿಗ್‌ಗೂ ಓಡಾಡುತ್ತದೆ. ಪ್ರತಿ ಸಲವೂ ಯಾರು ಒತ್ತುತ್ತಾರೆ? ಕಟ್ಟೆಗೆ ಕಟ್ಟಿದೆ ಎಂಬ ಸ್ಥಿತಿಯಲ್ಲೇ 11 ನಾಟ್‌ನಲ್ಲಿ ಹೋಗುವ ಹಡಗನ್ನು ನೀವೂ ನೋಡಿರುತ್ತೀರಿ. ವೇಗವನ್ನು ನಂಬಿ, ಸ್ಥಿತಿಯನ್ನು ಬಿಡಿ. ಡ್ರಾಫ್ಟ್ ನೋಡಿ ಹಡಗು ತುಂಬಿದೆಯೋ ಖಾಲಿಯೋ ಎಂದು ತೀರ್ಮಾನಿಸುವವರಿಗೂ ಇದೇ ಮಾತು: ಮೂರು ತಿಂಗಳ ಜಾಡಿನಲ್ಲಿ ಅದು ಒಮ್ಮೆಯೂ ಬದಲಾಗಿರದಿದ್ದರೆ ಆ ಅಂಕಿಗೆ ಹಳೆಯ ಪಂಚಾಂಗದಷ್ಟೇ ಬೆಲೆ. ತಲುಪುವ ಸಮಯ ಬೇಕಿದ್ದರೆ ನೀವೇ ಲೆಕ್ಕ ಹಾಕಿ. ಉಳಿದ ದೂರ 60 ನಾಟಿಕಲ್ ಮೈಲಿ, ಕಳೆದ ಒಂದು ಗಂಟೆಯ ಸರಾಸರಿ ವೇಗ 10 ನಾಟ್ ಎಂದಾದರೆ ಆರು ಗಂಟೆ; ಅದರ ಮೇಲೆ 500 ಮೀಟರ್ ವಲಯದೊಳಕ್ಕೆ ಬರಲು ಪ್ಲಾಟ್‌ಫಾರ್ಮ್‌ನ ಅನುಮತಿ, ಒಳಗೆ ಬರುವ ಮುನ್ನ ಯಂತ್ರಗಳ ಪರೀಕ್ಷೆ.

## ಲಕ್ಷಣ: ಹಡಗಿನ ವಿವರಗಳು ಒಂದೊಂದು ಕಡೆ ಒಂದೊಂದು ತರಹ

ಹಣ ಹೋಗುವುದು ಇಲ್ಲಿ. ಸ್ಥಾನ ತಪ್ಪಾದರೆ ನಾಳೆ ಸರಿಹೋಗುತ್ತದೆ. ಡೆಕ್ ಚಿಕ್ಕದೆಂದು ಪೈಪು ಕಟ್ಟೆಯ ಮೇಲೆ ಬಂದ ಮೇಲೆ ಗೊತ್ತಾದರೆ ಯಾರ ತಲೆಯೂ ಉಳಿಯದು.

ಉದ್ದ, ಅಗಲದಿಂದ ಶುರು ಮಾಡಿ. ಎಐಎಸ್ ಇವನ್ನು ನೇರವಾಗಿ ಹೇಳುವುದಿಲ್ಲ. ಜಿಪಿಎಸ್ ಆಂಟೆನಾದಿಂದ ಮೂತಿಗೆ, ಹಿಂಭಾಗಕ್ಕೆ, ಎಡಕ್ಕೆ, ಬಲಕ್ಕೆ ಎಷ್ಟು ಮೀಟರ್ ಎಂದು ನಾಲ್ಕು ಅಂಕಿ ಕೊಡುತ್ತದೆ. ಮುಂದೆ 18, ಹಿಂದೆ 60, ಪಕ್ಕಗಳಲ್ಲಿ 9 ಮತ್ತು 9 ಎಂದಾದರೆ ಉದ್ದ 78, ಅಗಲ 18. ಪ್ಲಾಟ್‌ಫಾರ್ಮ್ ಸಪ್ಲೈ ಹಡಗಿನ ಚಹರೆ ನಿಮಗೆ ಗೊತ್ತು: ಕೋಣೆಗಳೆಲ್ಲ ಮುಂದೆ, ಹಿಂದೆಲ್ಲ ಬಯಲು ಡೆಕ್. ಹಾಗಾಗಿ ಮುಂದಿನ ಅಂಕಿ ಚಿಕ್ಕದು, ಹಿಂದಿನದು ದೊಡ್ಡದು ಇರಲೇಬೇಕು. 60 ಮುಂದೆ, 18 ಹಿಂದೆ ಎಂದು ಕಂಡರೆ ತಂತ್ರಜ್ಞ ಎರಡನ್ನು ಅದಲುಬದಲು ಮಾಡಿದ್ದಾನೆ. ಉದ್ದ ಸರಿಯಾಗಿಯೇ ಬರುತ್ತದೆ, ಆದರೆ ಎಲೆಕ್ಟ್ರಾನಿಕ್ ನಕಾಶೆಯಲ್ಲಿ ಹಡಗಿನ ಚಿತ್ರ 42 ಮೀಟರ್ ಮುಂದಕ್ಕೆ ಸರಿದು ಕಾಣುತ್ತದೆ. ಪ್ಲಾಟ್‌ಫಾರ್ಮ್‌ನ ಪಕ್ಕದಲ್ಲಿ ಅದು ಸಣ್ಣ ತಪ್ಪಲ್ಲ.

ದಾಖಲೆಗಳಲ್ಲೇ ಎರಡು ಉದ್ದ ಕಂಡರೆ ಒಂದು ತುದಿಯಿಂದ ತುದಿಗೆ ಅಳೆದ ಒಟ್ಟು ಉದ್ದ, ಇನ್ನೊಂದು ಲಂಬರೇಖೆಗಳ ನಡುವಿನ ಉದ್ದ. ಎರಡೂ ನಿಜ. ಕಟ್ಟೆಯಲ್ಲಿ ಜಾಗ ಕಾದಿರಿಸಲು ಮೊದಲನೆಯದು ಬೇಕು.

‘ಟನ್’ ಎಂಬ ಪದ ಮಾಡುವಷ್ಟು ಅವಾಂತರವನ್ನು ಬೇರೆ ಯಾವುದೂ ಮಾಡದು. ಗ್ರಾಸ್ ಟನೇಜ್ ತೂಕವೇ ಅಲ್ಲ. 1969ರ ಟನೇಜ್ ಒಪ್ಪಂದದ ಸೂತ್ರದಂತೆ ಹಡಗಿನ ಒಳಗಾತ್ರದಿಂದ ಬರುವ, ಅಳತೆಮಾನವಿಲ್ಲದ ಸಂಖ್ಯೆ. ಡೆಡ್‌ವೇಟ್ ಮಾತ್ರ ಟನ್‌ಗಳಲ್ಲಿ ಅಳೆಯುವ ಹೊರುವ ಶಕ್ತಿ, ಅದರಲ್ಲೂ ಸರಕಷ್ಟೇ ಅಲ್ಲ, ಹಡಗಿನ ಸ್ವಂತ ಇಂಧನ, ನೀರು, ದಿನಸಿ, ಜನ ಎಲ್ಲ ಸೇರುತ್ತದೆ. ಒಂದೆಡೆ 3,100, ಇನ್ನೊಂದೆಡೆ 4,000 ಎಂದಿದ್ದರೆ ಜಗಳವಾಡುವ ಮುನ್ನ ಎರಡೂ ಒಂದೇ ಬಗೆಯ ಟನ್ನೇ ಎಂದು ನೋಡಿ.

ಡೆಕ್‌ನ ಲೆಕ್ಕದಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು ಗುಣಾಕಾರ. ಬಯಲು ಡೆಕ್ 900 ಚದರ ಮೀಟರ್, ತಾಳಿಕೆ ಚದರ ಮೀಟರಿಗೆ 5 ಟನ್. ಹಾಗಾದರೆ 4,500 ಟನ್ ಇಡಬಹುದು ಎನ್ನುತ್ತಾರೆ. ಇಡಲಾಗದು. 5 ಟನ್ ಎಂಬುದು ಉಕ್ಕಿನ ತಟ್ಟೆ ಒಂದು ಜಾಗದಲ್ಲಿ ತಾಳುವ ಭಾರ. ಇಡೀ ಡೆಕ್‌ನ ಮಿತಿಯನ್ನು ಹಡಗಿನ ಸ್ಥಿರತೆ ತೀರ್ಮಾನಿಸುತ್ತದೆ, ಅದು ಬೇರೆಯೇ ಸಾಲಿನಲ್ಲಿ ಇರುತ್ತದೆ. ಆ ಸಾಲಿನ ಪಕ್ಕದಲ್ಲಿ ಸರಕಿನ ಗುರುತ್ವಕೇಂದ್ರ ಡೆಕ್‌ನಿಂದ ಇಷ್ಟು ಎತ್ತರದಲ್ಲಿದ್ದರೆ ಎಂಬ ಷರತ್ತೂ ಇರುತ್ತದೆ. ಅದನ್ನು ಓದದೆ ಎತ್ತರದ ಟ್ಯಾಂಕುಗಳನ್ನು ಕಳುಹಿಸಬೇಡಿ.

ತೊಟ್ಟಿಗಳ ಅಂಕಿಗಳು ಆರು ಪಟ್ಟು ಬೇರೆ ಇದ್ದರೆ ಕಾರಣ ಬ್ಯಾರೆಲ್. ಒಂದು ಘನ ಮೀಟರ್ ಎಂದರೆ 6.29 ಬ್ಯಾರೆಲ್, 5,000 ಬ್ಯಾರೆಲ್ ಮಡ್ (ಬಾವಿ ಕೊರೆಯುವಾಗ ಬಳಸುವ ದ್ರವ) ಎಂದರೂ 795 ಘನ ಮೀಟರ್ ಎಂದರೂ ಒಂದೇ. ಮೂವತ್ತೈದು ಪಟ್ಟು ಬೇರೆ ಇದ್ದರೆ ಸಿಮೆಂಟು, ಬರೈಟ್ ತೊಟ್ಟಿಗಳನ್ನು ಘನ ಅಡಿಯಲ್ಲಿ ಬರೆದಿದ್ದಾರೆ. ಇನ್ನೊಂದು ಮಾತು: ಎಲ್ಲ ತೊಟ್ಟಿಗಳನ್ನೂ ಒಮ್ಮೆಲೇ ತುಂಬಬಹುದು ಎಂದುಕೊಳ್ಳಬೇಡಿ. ನೀರಿನ ಎರಡು ಪಟ್ಟು ಸಾಂದ್ರತೆಯ ಮಡ್ ಸಾವಿರ ಘನ ಮೀಟರ್ ತುಂಬಿದರೆ ಅದೊಂದೇ 2,000 ಟನ್ ನುಂಗುತ್ತದೆ. 4,000 ಟನ್ ಡೆಡ್‌ವೇಟ್‌ನ ಹಡಗಾದರೆ ಅಲ್ಲಿಗೇ ಅರ್ಧ ಮುಗಿದಿರುತ್ತದೆ.

ಲಂಗರು ಎಳೆಯುವ, ರಿಗ್ ಎಳೆಯುವ ಹಡಗಾದರೆ ಬೊಲ್ಲಾರ್ಡ್ ಪುಲ್, ಅಂದರೆ ನಿಂತಲ್ಲೇ ಹಗ್ಗವನ್ನು ಎಳೆಯುವ ಬಲ, ನೋಡಬೇಕು. ಸ್ಥೂಲವಾಗಿ ಎಂಜಿನ್ನಿನ ಪ್ರತಿ 100 ಬಿಎಚ್‌ಪಿಗೆ (ಅಶ್ವಶಕ್ತಿ) ಒಂದೂಕಾಲು ಟನ್ ಎಳೆತ. 16,000 ಬಿಎಚ್‌ಪಿಯ ಹಡಗಿಗೆ 200 ಟನ್ ಎಂದರೆ ನಂಬಬಹುದು, 300 ಎಂದರೆ ಪ್ರಮಾಣಪತ್ರ ಕೇಳಿ. ಶಕ್ತಿಯ ಅಂಕಿ ಒಂದೆಡೆ 12,000, ಇನ್ನೊಂದೆಡೆ 16,300 ಎಂದಿದ್ದರೆ ಒಂದು ಕಿಲೋವ್ಯಾಟ್, ಇನ್ನೊಂದು ಅಶ್ವಶಕ್ತಿ, ಜಗಳವಿಲ್ಲ. ಡೀಸೆಲ್-ಎಲೆಕ್ಟ್ರಿಕ್ ಹಡಗಿನಲ್ಲಿ ಮಾತ್ರ ಜಾಗ್ರತೆ. ಅಲ್ಲಿ ಎಲ್ಲ ಜನರೇಟರ್‌ಗಳ ಮೊತ್ತವನ್ನು ತಳ್ಳುವ ಶಕ್ತಿಯೆಂದು ಬರೆಯುವುದುಂಟು.

‘ಡಿಪಿ 2’ (ಡೈನಮಿಕ್ ಪೊಸಿಷನಿಂಗ್‌ನ ಎರಡನೆಯ ದರ್ಜೆ) ಎಂಬ ಮಾತನ್ನು ಜಾಹೀರಾತು ಪತ್ರದಿಂದ ಎತ್ತಿಕೊಳ್ಳಬೇಡಿ, ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ವರ್ಗೀಕರಣ ಸಂಸ್ಥೆಯ ಸಂಕೇತದಿಂದ ಓದಿ. ಎಬಿಎಸ್‌ನಲ್ಲಿ ಅದು ಡಿಪಿಎಸ್-2, ಡಿಎನ್‌ವಿಯಲ್ಲಿ ಡಿನ್‌ಪೋಸ್-ಎಯುಟಿಆರ್, ಲಾಯ್ಡ್ಸ್‌ನಲ್ಲಿ ಡಿಪಿ(ಎಎ). ಯಾವುದಾದರೊಂದು ಯಂತ್ರ ಕೆಟ್ಟರೂ ಹಡಗು ಸ್ಥಾನ ಬಿಡಬಾರದು ಎಂಬುದು ಇದರ ತಿರುಳು. ಅಗ್ನಿಶಾಮಕ ಸಂಕೇತ ಫೈ-ಫೈ 1 ಎಂದಿದ್ದರೆ ಗಂಟೆಗೆ 2,400 ಘನ ಮೀಟರ್ ನೀರು ಚಿಮ್ಮುವ ಸಾಮರ್ಥ್ಯ.

ಅಂಕಿಗಳು ಕಾದಾಡಿದಾಗ ಯಾರ ಮಾತು ಮೇಲು? ಟ್ರ್ಯಾಕಿಂಗ್ ತಾಣದ ವಿವರಪುಟ ಎಲ್ಲರಿಗಿಂತ ಕೆಳಗೆ. ಅದರ ಮೇಲೆ ಕಂಪನಿಯ ವಿವರಪತ್ರ. ಅದರಲ್ಲೂ ಹಡಗು ಕಟ್ಟಿದಾಗಿನದೋ ನಂತರ ಮಾರ್ಪಡಿಸಿದಾಗಿನದೋ ಎಂದು ತಾರೀಖು ನೋಡಿ. ಅದರ ಮೇಲೆ ಉಚಿತವಾಗಿ ನೋಡಬಹುದಾದ ಹಡಗು ಮಾಹಿತಿ ತಾಣ ಇಕ್ವಾಸಿಸ್ ಮತ್ತು ವರ್ಗೀಕರಣ ಸಂಸ್ಥೆಯ ದಾಖಲೆಪುಸ್ತಕ. ಎಲ್ಲಕ್ಕೂ ಮೇಲೆ ಹಡಗಿನ ಮೇಲಿರುವ ಟನೇಜ್ ಪ್ರಮಾಣಪತ್ರ, ಸ್ಥಿರತೆಯ ಪುಸ್ತಿಕೆ, ಬೊಲ್ಲಾರ್ಡ್ ಪುಲ್ ಪ್ರಮಾಣಪತ್ರ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಹಂತದಲ್ಲಿ ನಿಮ್ಮ ಪತ್ತೇದಾರಿಕೆ ನಿಲ್ಲಿಸಿ ಸರ್ವೇಯರ್ ಕರೆಸಿ. ತೈಲ ಕಂಪನಿಗಳು ಓವಿಡ್ (ಇಂಥ ಹಡಗುಗಳ ತಪಾಸಣೆಯ ದತ್ತಸಂಗ್ರಹ) ವರದಿ ಅಥವಾ ಐಎಂಸಿಎ (ಕಡಲ ಗುತ್ತಿಗೆದಾರರ ಅಂತರರಾಷ್ಟ್ರೀಯ ಸಂಘ) ತಪಾಸಣಾ ದಾಖಲೆ ಕೇಳುವುದು ಇದಕ್ಕಾಗಿಯೇ.

## ಲಕ್ಷಣ: ನಿಮ್ಮದೇ ರಿಸೀವರ್‌ಗೆ ಹಡಗು ಕೇಳಿಸುತ್ತಿಲ್ಲ

ಮೊದಲು ಯಾವ ಹಡಗಾದರೂ ಕೇಳಿಸುತ್ತಿದೆಯೇ ನೋಡಿ. ಒಂದೂ ಇಲ್ಲವೆಂದರೆ ವಿದ್ಯುತ್ತು, ಯುಎಸ್‌ಬಿ ತಂತಿ, ತಂತ್ರಾಂಶ, ಪೋರ್ಟ್ ಸಂಖ್ಯೆ ಎಂಬ ಕ್ರಮದಲ್ಲಿ ಹೋಗಿ. ಹತ್ತಿರದವು ಮಾತ್ರ ಕೇಳಿಸಿದರೆ ಆಂಟೆನಾದ ಎತ್ತರದ ಪ್ರಶ್ನೆ. ಎರಡೂ ಕಡೆಯ ಆಂಟೆನಾ ಎತ್ತರಗಳ ವರ್ಗಮೂಲಗಳನ್ನು ಕೂಡಿಸಿ 2.2ರಿಂದ ಗುಣಿಸಿದರೆ ಸುಮಾರಾಗಿ ನಾಟಿಕಲ್ ಮೈಲಿಗಳಲ್ಲಿ ದೂರ ಸಿಗುತ್ತದೆ. ನಿಮ್ಮದು 9 ಮೀಟರ್, ಹಡಗಿನದು 16 ಮೀಟರ್ ಎಂದಾದರೆ 15 ಮೈಲಿ ಚಿಲ್ಲರೆ. ಅಷ್ಟೇ ಸಿಗುತ್ತಿದ್ದರೆ ಯಾವ ದೋಷವೂ ಇಲ್ಲ. ಹೊಸ ರಿಸೀವರ್ ಕೊಳ್ಳುವುದು ದುಡ್ಡು ದಂಡ.

ಹಿಂದೆ ಚೆನ್ನಾಗಿ ಕೇಳಿಸುತ್ತಿದ್ದು ಮಳೆಯ ನಂತರ ಕುಗ್ಗಿದ್ದರೆ ಕೇಬಲ್‌ನ ತುದಿಗೆ ನೀರು ಇಳಿದಿದೆ. ಕನೆಕ್ಟರ್ ಬಿಚ್ಚಿದಾಗ ತಾಮ್ರದ ಜಾಲರಿ ಹೊಳೆಯುವ ಬದಲು ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಒಣಗಿಸುವ ಗೋಜು ಬೇಡ, ಕೇಬಲ್ ಬದಲಿಸಿ. ರಾತ್ರಿ ಮಾತ್ರ ಕುಗ್ಗಿದರೆ ಹತ್ತಿರದ ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿ. ಅಗ್ಗದ ಯುಎಸ್‌ಬಿ ರೇಡಿಯೋಗಳಲ್ಲಿ ಅಲೆಯ ಹೊಂದಿಕೆ ಬಿಸಿಯಾದಂತೆ ಜಾರುತ್ತದೆ. ತಂತ್ರಾಂಶದ ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ತಿದ್ದುಪಡಿ ಅದಕ್ಕೇ ಇರುವುದು.

ವಿದ್ಯುತ್ ತಂತಿಗಳ ಹತ್ತಿರ, ಗಾಳಿ ಮಳೆ ಗುಡುಗಿನಲ್ಲಿ, ಒಬ್ಬರೇ ಇದ್ದಾಗ ಆಂಟೆನಾ ಮುಟ್ಟಲು ಎತ್ತರಕ್ಕೆ ಹತ್ತಬೇಡಿ.

## ಹಡಗಿನ ಮೇಲಿದ್ದು ಇದನ್ನು ಓದುತ್ತಿರುವವರಿಗೆ

ದಡದಿಂದ ‘ನೀವು ಕಾಣುತ್ತಿಲ್ಲ’ ಎಂಬ ಸಂದೇಶ ಬಂದರೆ ಎಐಎಸ್ ಪರದೆಯ ಎಚ್ಚರಿಕೆ ಪಟ್ಟಿಯನ್ನು ಮೊದಲು ತೆರೆಯಿರಿ. ಪ್ರಸಾರ ಬಂದ್ ಆಗಿದೆಯೇ, ಹಿಂದೆ ಟ್ಯಾಂಕರಿನ ಪಕ್ಕದಲ್ಲಿದ್ದಾಗ 1 ವ್ಯಾಟ್‌ಗೆ ಇಳಿಸಿದ್ದು 12.5ಕ್ಕೆ ಮರಳಿಲ್ಲವೇ ಎಂದು ನೋಡಿ. ಆಂಟೆನಾ ದೋಷದ ಎಚ್ಚರಿಕೆ ಇದ್ದರೆ ಕೆಳಗಿನ ಕನೆಕ್ಟರ್‌ವರೆಗೆ ಮಾತ್ರ ನೀವು ನೋಡಿ. ಮಾಸ್ತು ಹತ್ತುವುದು ಅನುಮತಿ ಪತ್ರ ಪಡೆದು, ರಾಡಾರ್ ಬಂದ್ ಮಾಡಿ ಬೀಗ ಹಾಕಿದ ಮೇಲೆಯೇ. ಉದ್ದ, ಸಂಖ್ಯೆಗಳ ತಿದ್ದುಪಡಿಯನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ನಡೆಯುವ ಎಐಎಸ್ ಪರೀಕ್ಷೆಗೆ ಬರುವ ತಂತ್ರಜ್ಞರಿಗೆ ಬಿಡುವುದು ಲೇಸು.

## ಲಕ್ಷಣ: ತಟ್ಟನೆ ಪೂರ್ತಿ ಮಾಯ

ನೆರೆಯ ಹಡಗುಗಳು ತಾಜಾ ಇವೆ, ಹಳೆಯ ಜಾಡಿನಲ್ಲಿ ಅಲ್ಲಿ ಎಂದೂ ಸುದ್ದಿ ನಿಂತಿಲ್ಲ, ಈಗ ನಿಂತಿದೆ. ಕಡಲ್ಗಳ್ಳರ ಭಯವಿರುವ ನೀರಾದರೆ ಕ್ಯಾಪ್ಟನ್ ತಾನೇ ಆರಿಸಿರಬಹುದು. ಸುರಕ್ಷತೆಗೆ ಅಪಾಯವಿದೆ ಎನಿಸಿದರೆ ಆರಿಸಿ, ಹಾಗೆ ಮಾಡಿದ್ದನ್ನು ಲಾಗ್ ಪುಸ್ತಕದಲ್ಲಿ ದಾಖಲಿಸಲು ಅಂತರರಾಷ್ಟ್ರೀಯ ಕಡಲು ಸಂಸ್ಥೆಯ ನಿರ್ಣಯ ಅವಕಾಶ ಕೊಡುತ್ತದೆ. ಆಗ ನಮ್ಮ ಹಡಗು ಎಲ್ಲಿರಬಹುದು ಎಂದು ಸಾರ್ವಜನಿಕವಾಗಿ ಊಹಿಸುವುದು, ಹಳೆಯ ಜಾಡಿನ ಚಿತ್ರ ಹಂಚುವುದು ಬೇಡ. ಆರಿಸಿದ ಉದ್ದೇಶವೇ ಕೆಡುತ್ತದೆ.

ಮನೆಯವರೊಬ್ಬರು ಆ ಹಡಗಿನಲ್ಲಿದ್ದಾರೆ ಎಂದಾದರೆ ನಕಾಶೆ ಮುಚ್ಚಿ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಫೋನು ಮಾಡಿ. ಹಡಗಿಗೂ ಕಚೇರಿಗೂ ಬೇರೆಯೇ ಸಂಪರ್ಕವಿದೆ. ಅಂತರರಾಷ್ಟ್ರೀಯ ಯಾನದ ಹಡಗುಗಳು ಎಲ್‌ಆರ್‌ಐಟಿ ಎಂಬ ವ್ಯವಸ್ಥೆಯ ಮೂಲಕ ಧ್ವಜದ ಸರ್ಕಾರಕ್ಕೆ ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ಸ್ಥಾನ ಕಳುಹಿಸುತ್ತವೆ. ಅದು ನಮ್ಮ ನಕಾಶೆಗೆ ಬರುವುದಿಲ್ಲ.

ತಡಮಾಡದೆ ಮಾಡಬೇಕಾದ ಕೆಲಸ ಒಂದಿದೆ. ಹಡಗು ಕಾಣೆಯಾದ ಜಾಗದಲ್ಲೋ ಬೇರೆಲ್ಲೋ 970, 972 ಅಥವಾ 974ರಿಂದ ಶುರುವಾಗುವ ಗುರುತು ಕಂಡರೆ ಅದು ಹಡಗಲ್ಲ. 970 ಜೀವರಕ್ಷಕ ತೆಪ್ಪದ ಪ್ರಸಾರಕ, 972 ನೀರಿಗೆ ಬಿದ್ದ ವ್ಯಕ್ತಿಯ ಮೈಮೇಲಿನದು, 974 ಹಡಗಿನ ತುರ್ತು ಬೀಕನ್. ಜೊತೆಗಿನ ಸಂದೇಶದಲ್ಲಿ ‘ಟೆಸ್ಟ್’ ಎಂದಿದ್ದರೆ ಯಾರೋ ಪರೀಕ್ಷಿಸುತ್ತಿದ್ದಾರೆ. ‘ಆ್ಯಕ್ಟಿವ್’ ಎಂದಿದ್ದರೆ ಅಥವಾ ಏನೂ ತಿಳಿಯದಿದ್ದರೆ ಆ ತೀರ್ಮಾನ ನಿಮ್ಮದಲ್ಲ. ಒಂಬತ್ತೂ ಅಂಕಿಗಳು, ಅಕ್ಷಾಂಶ, ರೇಖಾಂಶ, ಯುಟಿಸಿ ಸಮಯ ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡು ಆ ಭಾಗದ ಕಡಲು ರಕ್ಷಣಾ ಸಮನ್ವಯ ಕೇಂದ್ರಕ್ಕೋ ಕರಾವಳಿ ಕಾವಲು ಪಡೆಗೋ ಫೋನು ಮಾಡಿ ಓದಿ ಹೇಳಿ. ಅವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹೊತ್ತಿನ ಹಿಂದಿನದು’ ಎಂಬುದು. ಗಡಿಯಾರ ನೋಡಿಯೇ ಫೋನು ಎತ್ತಿಕೊಳ್ಳಿ.